ರೆನಾಟಾಳನ್ನು ಗಟ್ಟಿಯಾಗಿ ಓದಿದ ದಿನಗಳು

ಅಕ್ಟೋಬರ್ 7, ಮಂಗಳವಾರ

ಇವತ್ತು ನನ್ನ ಪುಸ್ತಕ ಸೋತಿತು. ಹಡಗೊಂದು ಕಾಣೆಯಾಗುವ ಪತ್ತೇದಾರಿ ಕಾದಂಬರಿ ತೆಗೆದುಕೊಂಡು ಹೋಗಿದ್ದೆ. ಯಾದಿರಾ ಪ್ರೇಮಕಥೆ ತಂದಿದ್ದಳು. ಕೇಳುವವರು ಮೂವರೇ, ಮತ ಎರಡಕ್ಕೆ ಒಂದು. ಓದುವವಳಿಗೆ, ಅಂದರೆ ನನಗೆ, ಮತವಿಲ್ಲ.

“ಇದರ ನಾಯಕಿ ದಪ್ಪ ಅಂತೆ,” ಅಂದಳು ಯಾದಿರಾ. “ಕೊನೇವರೆಗೂ ದಪ್ಪಾನೇ ಇರ್ತಾಳಂತೆ. ಸಣ್ಣ ಆಗೋದೇ ಇಲ್ವಂತೆ. ಅದಕ್ಕೇ ತಂದೆ.”

“ಸಣ್ಣ ಆಗದಿದ್ರೆ ಕಥೆ ಮುಗಿಯೋದು ಹೇಗೆ?” ಎಂದು ದೋನ್ ಕ್ರಿಸಾಂತೊ ನಿಜವಾದ ಕುತೂಹಲದಿಂದ ಕೇಳಿದರು. ಅವರು ವೆರಾಕ್ರೂಸ್ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು. ಯುದ್ಧ ಇಲ್ಲವೇ ಸಮುದ್ರ, ಎರಡರಲ್ಲಿ ಒಂದಾದರೂ ಇಲ್ಲದ ಪುಸ್ತಕ ಅವರಿಗೆ ಪುಸ್ತಕವೇ ಅಲ್ಲ.

“ಮದುವೇಲಿ ಮುಗಿಯತ್ತೆ. ಎಲ್ಲಾರದ್ದೂ ಹಾಗೇ ಅಲ್ವಾ,” ಅಂದರು ದೋನ್ಯಾ ಒಫೆಲಿನಾ. ಎಂಬತ್ತೆರಡು ವರ್ಷ. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಗುವ ತನಕ ಚೌಕದಲ್ಲಿ ವಾರ ತಪ್ಪದೆ ಕುಣಿದವರು.

ಪುಸ್ತಕ ಕೈಗೆ ಬಂತು. ಮುಖಪುಟದಲ್ಲಿ ಕಿತ್ತಳೆ ಲಂಗದ ಹುಡುಗಿಯ ಚಿತ್ರ. ಅವಳೇ ದಪ್ಪ ನಾಯಕಿಯಂತೆ. ನನ್ನಲ್ಲಿ ಅರ್ಧ ಇದ್ದಾಳೆ.

ಗ್ರಂಥಾಲಯದ ಹಿಂದಿನ ಆ ಕೋಣೆ ನನಗೆ ಯಾಕೆ ಇಷ್ಟವೆಂದು ಇಲ್ಲಿಯಾದರೂ ಬರೆಯಬಹುದು. ಕಣ್ಣು ಕಾಣದವರಿಗೆ ವಾರಕ್ಕೆರಡು ಸಂಜೆ ಓದಿ ಹೇಳುವುದು ಪುಣ್ಯದ ಕೆಲಸವೆಂದು ಔಷಧಿ ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಾರೆ. ಪುಣ್ಯವೂ ಇಲ್ಲ, ಏನೂ ಇಲ್ಲ. ಈ ಊರಿನಲ್ಲಿ ನಾನು ಬರೀ ದನಿಯಾಗಿ ಇರುವ ಜಾಗ ಅದೊಂದೇ. ಅಂಗಡಿಯಲ್ಲಿ ನಾನು ಡುಮ್ಮಿ, ಬೀದಿಯಲ್ಲಿ ಡುಮ್ಮಿ, ಹಣ್ಣಿನವನಿಗೂ ಡುಮ್ಮಿ. ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ. ಪ್ರೀತಿ ಸೇರಿಸಿದರೂ ಪದ ಅದೇ. ಆ ಕೋಣೆಯಲ್ಲಿ ಮಾತ್ರ ನಾನು ಎಲ್ವೀರಾ.

ಇನ್ನು ಆ ಪದವನ್ನು ಅಲ್ಲಿ ನನ್ನ ಬಾಯಿಂದಲೇ ಓದಬೇಕು.

ಅಕ್ಟೋಬರ್ 9, ಗುರುವಾರ

ಮೊದಲ ಅಧ್ಯಾಯದಲ್ಲೇ ರೆನಾಟಾ ಸೋದರತ್ತೆಯ ಮಗಳ ಮದುವೆಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿ ಮುರಿದು, ಸೀದಾ ದನದ ಡಾಕ್ಟರ್ ಇಬಾನ್‌ನ ತೋಳಿಗೆ ಬೀಳುತ್ತಾಳೆ. ಬರೆದವಳ ಮೇಲೆ ಎಂಥ ಸಿಟ್ಟು ಬಂತೆಂದರೆ ಪುಸ್ತಕ ಮುಚ್ಚಬೇಕೆನ್ನಿಸಿತು. ಕುರ್ಚಿ ಮುರಿಯುವವರೆಗೆ ನಮ್ಮ ಕಥೆ ಶುರುವಾಗುವುದೇ ಇಲ್ಲವೇ? ನಾನು ಮೂವತ್ತೆಂಟು ವರ್ಷದಲ್ಲಿ ಒಂದು ಕುರ್ಚಿಯನ್ನೂ ಮುರಿದಿಲ್ಲ. ಕೂರುವ ಮೊದಲು ಪ್ರತಿಯೊಂದನ್ನೂ ಪರೀಕ್ಷೆ ಮಾಡಿರುತ್ತೇನೆ.

“ಮಗಳೇ, ನೀನು ಕಥೆ ಓದ್ತಿದ್ದೀಯೋ ಮಾತ್ರೆ ಡಬ್ಬಿ ಹಿಂದಿನ ಬರಹ ಓದ್ತಿದ್ದೀಯೋ?” ಎಂದು ಕೇಳಿದರು ದೋನ್ಯಾ ಒಫೆಲಿನಾ.

ಗಂಟಲು ಸರಿಯಿಲ್ಲ ಎಂದೆ.

ಸಿಟ್ಟಿನಲ್ಲೇ ಪುಸ್ತಕವನ್ನು ಮನೆಗೆ ತಂದೆ. ಮುಂದೆ ಇನ್ನೇನೇನು ಅವಮಾನ ಕಾದಿದೆಯೆಂದು ನೋಡಿಟ್ಟುಕೊಳ್ಳೋಣ ಅಂತ. ಅರವತ್ತೊಂದನೆಯ ಪುಟದಲ್ಲಿ ರೆನಾಟಾ ಹೊರಗೆ ಹೊರಡುವ ಮುನ್ನ ತೊಡೆಗಳ ನಡುವೆ ಜೋಳದ ಹಿಟ್ಟು ಸವರಿಕೊಳ್ಳುತ್ತಾಳೆ. ನಡೆದರೆ ಉಜ್ಜಿ ಉರಿಯುತ್ತದಲ್ಲ, ಅದಕ್ಕೆ. ಎರಡೇ ವಾಕ್ಯ. ದೊಡ್ಡದು ಮಾಡದೆ, ಅಯ್ಯೋ ಎನ್ನದೆ, ಹಲ್ಲುಜ್ಜಿದಳು ಎಂಬಷ್ಟು ಸಾಧಾರಣವಾಗಿ ಬರೆದುಬಿಟ್ಟಿದ್ದಾಳೆ. ಇಷ್ಟು ವರ್ಷ ಓದಿದ ಯಾವ ಪುಸ್ತಕದಲ್ಲೂ ಯಾರ ತೊಡೆಯೂ ಉರಿದಿರಲಿಲ್ಲ. ಆ ಪುಟವನ್ನು ಮೂರು ಸಲ ಓದಿದೆ. ಅಷ್ಟರಲ್ಲಿ ಒಲೆಯ ಮೇಲಿನ ಹುರುಳಿಕಾಯಿ ಸೀದುಹೋಗಿತ್ತು.

ಅಕ್ಟೋಬರ್ 11, ಶನಿವಾರ

ಅಮ್ಮ ಬಂದಳು. ಒಂದು ಕಣ್ಣು ಮೊದಲಿಂದ ಮಸುಕು, ಇನ್ನೊಂದಕ್ಕೆ ಈಗ ಶಸ್ತ್ರಚಿಕಿತ್ಸೆ ಆಗಿ ಪಟ್ಟಿ. ಮೂರು ವಾರ ತಲೆ ತಗ್ಗಿಸಿಯೇ ಇರಬೇಕು, ಒಂದೂವರೆ ತಿಂಗಳು ಸೂಜಿ ಮುಟ್ಟಬಾರದು ಎಂದಿದ್ದಾರೆ ಡಾಕ್ಟರು. ತ್ಲಾಕೊತಾಲ್ಪಾನ್ ಊರಿನ ಅರ್ಧ ಹೆಂಗಸರಿಗೆ ಬಟ್ಟೆ ಹೊಲಿದ ನನ್ನಮ್ಮ ಸೊರಾಯಿದಾ ಸೂಜಿಯಿಲ್ಲದೆ ಕೂರುವುದೆಂದರೆ ಶಿಕ್ಷೆಯೇ. ತಲೆ ತಗ್ಗಿಸಿ ನನ್ನ ಮನೆಗೆ ಕಾಲಿಟ್ಟದ್ದು ಇದೇ ಮೊದಲು.

ತಬ್ಬಿಕೊಂಡವಳೇ ನನ್ನ ಬೆನ್ನ ಮೇಲೆ ಎರಡೂ ಕೈಗಳನ್ನು ಚಾಚಿ ಅಳೆದಳು.

“ಇನ್ನೂ ಸ್ವಲ್ಪ ಮೈ ಬಂದಿದೆಯಲ್ಲ.”

“ಬಂದಿದ್ದು ನೀನಮ್ಮ. ನಾನು ಇಲ್ಲೇ ಇದ್ದೆ.”

ಊಟಕ್ಕೆ ಕೂತಾಗ, ರೊಟ್ಟಿ ಸುತ್ತಿಟ್ಟ ಬಟ್ಟೆ ಬಿಡಿಸಿ ನಾನು ತೆಗೆದದ್ದು ಎಷ್ಟನೆಯದೆಂದು ಆಕೆಗೆ ಸದ್ದಿನಲ್ಲೇ ಗೊತ್ತಾಯಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ಮೇಜಿನ ಮೇಲೆಲ್ಲ ಹರಡಿಕೊಂಡಿತ್ತು.

ಅಕ್ಟೋಬರ್ 14, ಮಂಗಳವಾರ

ಒಬ್ಬಳನ್ನೇ ಬಿಟ್ಟು ಹೋಗುವಂತಿಲ್ಲ, ಅಮ್ಮನನ್ನೂ ಗ್ರಂಥಾಲಯಕ್ಕೆ ಕರೆದೊಯ್ದೆ. ಕೋಣೆಯೊಳಗೆ ಕೂತು ಐದು ನಿಮಿಷವಾಗಿರಲಿಲ್ಲ, ದೋನ್ ಕ್ರಿಸಾಂತೊ ತಮ್ಮ ಕುರ್ಚಿಯನ್ನು ಆಕೆಯ ಕಡೆಗೆ ಎಳೆದುಕೊಂಡರು.

ಇವತ್ತಿನ ಅಧ್ಯಾಯದಲ್ಲಿ ಇಬಾನ್ ಮೊದಲ ಸಲ ರೆನಾಟಾಳನ್ನು ಊಟಕ್ಕೆ ಕರೆದೊಯ್ಯುತ್ತಾನೆ. ಒಂಬತ್ತು ಪುಟದಲ್ಲಿ ಏಳು ಸಲ ಅವಳ ಸೊಂಟವನ್ನು ಹೊಗಳಿದ. ನಾನು ಎಣಿಸಿದೆ. ಏಳನೆಯ ಸಲಕ್ಕೆ ತಡೆಯಲಾಗದೆ ಓದು ನಿಲ್ಲಿಸಿ, “ಅವಳನ್ನು ಇಷ್ಟಪಟ್ಟಿದ್ದಕ್ಕೆ ಇವನಿಗೆ ಪದಕ ಬೇಕೇನೋ,” ಎಂದೆ.

“ಸುಮ್ನಿರು, ನನಗೆ ಚೆನ್ನಾಗಿದೆ,” ಅಂದಳು ಯಾದಿರಾ. “ಹೊಗಳಿಸಿಕೊಂಡು ಅಭ್ಯಾಸ ಇಲ್ಲದವರಿಗೆ ಏಳು ಸಲ ಜಾಸ್ತಿ ಅಲ್ಲ.”

“ನಮ್ಮ ಮನೆಯವರು ಒಂದು ಸಲಾನೂ ಹೊಗಳ್ಲಿಲ್ಲ,” ಅಂದರು ದೋನ್ಯಾ ಒಫೆಲಿನಾ. “ಮೀನಿನ ದೊಡ್ಡ ತುಂಡು ಮಾತ್ರ ಯಾವಾಗ್ಲೂ ನನ್ನ ತಟ್ಟೇಲೇ ಇರ್ತಿತ್ತು.”

ದೋನ್ ಕ್ರಿಸಾಂತೊ ಕೇಳಿದರು: “ದನದ ಡಾಕ್ಟರ್ ಅಂತೀರಿ. ಇಷ್ಟು ಹೊತ್ತಾದ್ರೂ ಒಂದು ದನ ಬಂದಿಲ್ಲ. ಅವನು ಕೆಲಸ ಯಾವಾಗ ಮಾಡ್ತಾನೆ?”

ಎಲ್ಲರೂ ನಗುತ್ತಿದ್ದಾಗ ಅಮ್ಮ ತಗ್ಗಿಸಿದ ತಲೆಯಲ್ಲೇ ಹೇಳಿದಳು. “ಹುಡುಗಿ ಒಳ್ಳೆಯವಳು. ಒಂದು ಸ್ವಲ್ಪ ಇಳಿಸಿಬಿಟ್ರೆ...”

“ಇಳಿಸಲ್ಲ ಅಮ್ಮಾ,” ಅಂದಳು ಯಾದಿರಾ. “ಅದೇ ಷರತ್ತು.”

ಅಕ್ಟೋಬರ್ 17, ಶುಕ್ರವಾರ

ಅಂಗಡಿಗೆ ಬಂದ ಹೆಂಗಸೊಬ್ಬಳು ಮೈ ಇಳಿಸುವ ಚಹಾ ಕೇಳಿ, ಕೌಂಟರಿನಾಚೆಯಿಂದ ನನ್ನನ್ನು ನೋಡಿ, “ನೀವು ಇದನ್ನ ಕುಡಿದು ನೋಡಿಲ್ವಾ?” ಎಂದಳು. ಕುಡಿದಿದ್ದೇನೆ, ಅದಕ್ಕೇ ನಿಮಗೆ ಬೇಡ ಅಂತಿದ್ದೇನೆ, ಎಂದೆ. ಇಬ್ಬರಿಗೂ ನಗು ಬಂತು. ಕೆಮ್ಮಿನ ಔಷಧಿ ತೆಗೆದುಕೊಂಡು ಹೋದಳು.

ಅಕ್ಟೋಬರ್ 21, ಮಂಗಳವಾರ

ಮಾಡಬಾರದ್ದು ಮಾಡಿದೆ.

ಒಂಬತ್ತನೆಯ ಅಧ್ಯಾಯದಲ್ಲಿ ರೆನಾಟಾಳ ಬಾಲ್ಯ ಬರುತ್ತದೆ. ಅವಳ ತಾಯಿ ಫ್ರಿಜ್ಜಿಗೆ ಬೀಗ ಹಾಕುತ್ತಾಳೆ. ಹನ್ನೊಂದು ವರ್ಷದವಳನ್ನು ಡಾಕ್ಟರ ಬಳಿ ಒಯ್ಯುತ್ತಾಳೆ, ಆತ ಕಾಯುತ್ತಿದ್ದ ಜನರೆಲ್ಲರ ಎದುರು ಅವಳನ್ನು ತೂಗಿ ಸಂಖ್ಯೆಯನ್ನು ಕೂಗಿ ಹೇಳುತ್ತಾನೆ. ನಿನ್ನೆ ಸಂಜೆ ಇದನ್ನೆಲ್ಲ ಮೊದಲೇ ಓದಿಕೊಂಡಿದ್ದೆ. ಓದಬಲ್ಲೆ ಎಂದುಕೊಂಡೇ ಹೋದೆ. ಆದರೆ ಎರಡು ಮೊಳ ದೂರದಲ್ಲಿ ಅಮ್ಮ ತಲೆ ಬಗ್ಗಿಸಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಆ ಕೈಗಳೇ ಪ್ರತಿ ಭಾನುವಾರ ಟೇಪು ಹಿಡಿದು ನನ್ನ ಸುತ್ತಳತೆ ತೆಗೆದು, ಬಟ್ಟೆ ಕಪಾಟಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದವು.

ಹನ್ನೊಂದು ಪುಟ ಮಗುಚಿ, ಇಬಾನ್ ರೆನಾಟಾಳ ಹೂವಿನಂಗಡಿಗೆ ಬರುವಲ್ಲಿಂದ ಶುರು ಮಾಡಿದೆ.

ದೋನ್ಯಾ ಒಫೆಲಿನಾ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮ ಕೇಳಿದಳು.

“ನಿನ್ನೆ ಬಿಟ್ಟ ಪುಟಗಳಲ್ಲಿ ಏನಿತ್ತು?”

“ಏನೂ ಇರ್ಲಿಲ್ಲ. ಹೂವಿನ ವರ್ಣನೆ.”

“ಅಷ್ಟು ಹೂವಾ?” ಎಂದು ಕಾಫಿ ಲೋಟ ಕೆಳಗಿಟ್ಟಳು.

ಅಕ್ಟೋಬರ್ 23, ಗುರುವಾರ

ಅಮ್ಮ ಇವತ್ತು ಬರಲಿಲ್ಲ, ಪಕ್ಕದ ಮನೆಯವರ ಜೊತೆ ಉಳಿದಳು. ಒಳ್ಳೆಯದೇ ಆಯಿತು. ಪುಸ್ತಕ ತೆರೆಯುವ ಮುಂಚೆಯೇ ದೋನ್ಯಾ ಒಫೆಲಿನಾ ಕೋಲನ್ನು ನೆಲಕ್ಕೆ ಕುಟ್ಟಿದರು.

“ಮೊನ್ನೆ ಹಾಳೆ ಮಗುಚಿದ ಸದ್ದು ಐದಾರು ಸಲ ಬಂತು. ಮಾತು ಒಂದೂ ಬರಲಿಲ್ಲ. ಏನು ನುಂಗಿದೆ?”

ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾದಿರಾ ಮಾತಾಡಿದಳು. ಅವಳು ಹುಟ್ಟಿನಿಂದ ಕುರುಡಿ, ಇಪ್ಪತ್ತಾರು ವರ್ಷ, ಮೈ ನೀವುವ ಮಸಾಜ್ ಕೆಲಸ ಮಾಡುತ್ತಾಳೆ. ಅವಳ ದನಿಯಲ್ಲಿ ಸಿಟ್ಟು ಕೇಳಿದ್ದು ಇದೇ ಮೊದಲು.

“ಎಲ್ಲರೂ ನಮಗೆ ಇದನ್ನೇ ಮಾಡ್ತಾರೆ ಎಲ್ವೀರಾ. ಇವಳಿಗೆ ಯಾಕೆ ಹೇಳೋದು, ಅವನಿಗೆ ಯಾಕೆ ನೋವು ಕೊಡೋದು ಅಂತ. ಟಿ.ವಿ.ಯಲ್ಲಿ ಏನಾಯ್ತು ಅಂದ್ರೆ ‘ಏನಿಲ್ಲ’ ಅಂತಾರೆ. ನಮ್ಮ ಪಾಲಿನ ಪುಟ ಆರಿಸೋಕೆ ನಿನಗೆ ಯಾರು ಹೇಳಿದ್ದು? ಈ ಕೋಣೇಲಿ ಹಾಗಾಗಲ್ಲ ಅಂದುಕೊಂಡಿದ್ದೆ.”

ನನಗೆ ಬೇರೆ ದಾರಿಯಿರಲಿಲ್ಲ. ಆ ಪುಟಗಳಲ್ಲಿ ಏನಿದೆಯೆಂದು ಹೇಳಿದೆ. ನಾನೂ ಅಂಥವಳೇ, ಅಮ್ಮನ ಎದುರು ಓದಲು ಆಗಲಿಲ್ಲ ಎಂದೆ. “ಅಂದ್ರೆ... ನಾನು ದಪ್ಪ ಇದ್ದೀನಿ. ನಿಮಗೆ ಗೊತ್ತಿರಲ್ಲ.”

ದೋನ್ ಕ್ರಿಸಾಂತೊ ಕೆಮ್ಮಿದರು. “ಹುಡುಗಿ, ನಾನು ಮೂವತ್ತು ವರ್ಷ ಕ್ರೇನ್ ನಡೆಸಿದವನು. ಭಾರ ಕೂತ ಸದ್ದು ನನಗೆ ಗೊತ್ತಾಗಲ್ವಾ?”

“ನೀನು ತಬ್ಬಿಕೊಂಡ ಮೊದಲ ದಿನವೇ ಗೊತ್ತಾಯ್ತಲ್ಲ ಮಗಳೇ,” ಅಂದರು ದೋನ್ಯಾ ಒಫೆಲಿನಾ. “ನನ್ನ ಕೈ ಆ ಕಡೆ ಸೇರಲೇ ಇಲ್ಲ.”

ಎರಡು ವರ್ಷದಿಂದ ಗೊತ್ತಿತ್ತು. ಎರಡು ವರ್ಷ ನಾನು ಈ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೇನೆಂದು ತಿಳಿದಿದ್ದೆ. ನಗು ಬಂತು, ಇಬ್ಬರು ಮುದುಕರೂ ನಕ್ಕರು. ಯಾದಿರಾ ಮಾತ್ರ ನಗಲಿಲ್ಲ. ಎದ್ದು ಮಡಿಚಿಟ್ಟ ಕೋಲು ಬಿಡಿಸಿಕೊಂಡಳು.

“ನೀನು ಹೇಗಿದ್ರೆ ನನಗೇನು. ಪುಟ ಬಿಡಬಾರದಿತ್ತು.”

ಇನ್ನು ಬರುವುದಿಲ್ಲವೆಂದು ಹೋದಳು.

ಅಕ್ಟೋಬರ್ 26, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಗಿನ ಪಿಕಾದಾ ರೊಟ್ಟಿ ತಿಂದು ಮುಗಿಸಿ ಅಮ್ಮ ಅಡುಗೆಮನೆಯ ಮೇಜಿಗೆ ಹಣೆ ಆನಿಸಿ ಕೂತಿದ್ದಳು. “ಆ ಹೂವಿನ ವರ್ಣನೆ ಓದು,” ಅಂದಳು.

“ಅಮ್ಮಾ...”

“ನೀನು ಚಿಕ್ಕವಳಿದ್ದಾಗ ನನ್ನಿಂದ ಏನಾದ್ರೂ ಮುಚ್ಚಿಟ್ರೆ ಇದೇ ದನಿ ಬರ್ತಿತ್ತು. ಓದು.”

ಓದಿದೆ. ಹನ್ನೊಂದೂ ಪುಟ. ಬೀಗ, ತಕ್ಕಡಿ, ಶಾಲೆಯ ಸರಳುಗಳ ಆಚೆ ನಿಂತು ಮಗಳು ಏನು ತಿನ್ನುತ್ತಾಳೆಂದು ನೋಡುವ ತಾಯಿ. ಅಮ್ಮ ಅಲುಗಾಡಲಿಲ್ಲ. ಮುಗಿದ ಮೇಲೂ ಮೇಜನ್ನೇ ನೋಡುತ್ತಿದ್ದಳು. ತಲೆ ಎತ್ತದಂತೆ ಡಾಕ್ಟರು ಹೇಳಿದ್ದು ನಮಗಿಬ್ಬರಿಗೂ ಅನುಕೂಲವೇ ಆಯಿತು.

“ನಾನು ಬೀಗ ಹಾಕಿರ್ಲಿಲ್ಲ.”

“ಇಲ್ಲಮ್ಮ. ಹಾಕಿರ್ಲಿಲ್ಲ.”

“ಟೇಪು ಇತ್ತು.”

“ಇತ್ತು.”

“ಪ್ರತಿ ಭಾನುವಾರ.” ಸ್ವಲ್ಪ ತಡೆದು ಕೇಳಿದಳು: “ಈ ತಾಯಿಗೆ ಹೆಸರೇನು?”

ಪುಟ ತಿರುಗಿಸಿ ನೋಡಿದೆ. ಇಡೀ ಪುಸ್ತಕದಲ್ಲಿ ಅವಳಿಗೆ ಹೆಸರಿಲ್ಲ. ರೆನಾಟಾಳ ಅಮ್ಮ, ಅಷ್ಟೇ.

“ನೋಡು, ಆ ದನದ ಡಾಕ್ಟರ ನಾಯಿಗೂ ಹೆಸರಿದೆ,” ಅಂದಳು ಅಮ್ಮ. “ಅವಳು ಕೆಟ್ಟವಳು, ಮಾಡಿದಳು, ಮುಗೀತು. ಯಾಕೆ ಮಾಡಿದಳು ಅಂತ ಒಂದು ಪುಟ ಬರೀಬಾರದಿತ್ತಾ?”

ಆ ಪುಟವನ್ನು ಆಕೆಯೇ ಹೇಳಿದಳು. ಆಕೆಗೊಬ್ಬಳು ಅಕ್ಕ ಇದ್ದಳು, ಎಉಫ್ರೊಸಿನಾ. ನಾನು ನೋಡಿಲ್ಲ, ಫೋಟೊ ಕೂಡ ಇಲ್ಲ. ನನ್ನ ಹಾಗೆಯೇ ಇದ್ದಳಂತೆ. ಹದಿನೇಳರಲ್ಲಿ ಊರ ಕುಣಿತಕ್ಕೆ ಹೋದಾಗ ಹುಡುಗರು ಏನೋ ಹಾಡು ಕಟ್ಟಿ ಹಾಡಿದರಂತೆ. ಹಾಡು ಏನೆಂದು ಅಮ್ಮ ಹೇಳಲಿಲ್ಲ. ಆವತ್ತು ಹಿಂದಿನ ಕೋಣೆ ಸೇರಿದವಳು ನಲವತ್ತೊಂದಕ್ಕೆ ಸಾಯುವವರೆಗೆ ಬೀದಿಗೆ ಬರಲಿಲ್ಲ. ಊಟದ ತಟ್ಟೆ ಒಯ್ದು ಕೊಡುತ್ತಿದ್ದದ್ದು ಅಮ್ಮ.

“ನಿನ್ನನ್ನ ನೋಡಿದಾಗೆಲ್ಲ ಆ ಬಾಗಿಲು ಕಾಣಿಸ್ತಿತ್ತು. ಹೆದರಿಕೇಲಿ ಟೇಪು ಹಿಡಿದೆ. ಬೇರೇನು ಮಾಡಬೇಕೋ ಗೊತ್ತಿರ್ಲಿಲ್ಲ. ನನಗೆ ಗೊತ್ತಿದ್ದಿದ್ದು ಅಳತೆ ತೆಗೆಯೋದೊಂದೇ. ತಪ್ಪಾಯ್ತು ಅಂತ ಹೇಳೋಕೆ ನನಗೆ ಬರಲ್ಲ.”

“ಈಗ ಹೇಳಿದೆಯಲ್ಲ.”

“ಹೇಳಿದ್ನಾ?”

ನಾನು ಆಕೆಯ ಪಕ್ಕ ನನ್ನ ಹಣೆಯನ್ನೂ ಮೇಜಿಗೆ ಆನಿಸಿದೆ. ಇಬ್ಬರೂ ಹಾಗೇ ಮೇಜಿನ ಹೂವಿನ ಬಟ್ಟೆ ನೋಡುತ್ತ ಕೂತೆವು. ಅತ್ತೆವೋ ನಕ್ಕೆವೋ ಎರಡೂ ಇತ್ತು.

“ಆ ತೂಗಿದ ಡಾಕ್ಟರಿಗೆ ಮುಂದೆ ಏನಾದ್ರೂ ಆಗತ್ತಾ?” ಅಂದಳು ಕೊನೆಗೆ.

“ಏನೂ ಆಗಲ್ಲ.”

“ಆಗಬೇಕಿತ್ತು.”

ಅಕ್ಟೋಬರ್ 28, ಮಂಗಳವಾರ

ನಿನ್ನೆ ಯಾದಿರಾ ಕೆಲಸ ಮಾಡುವಲ್ಲಿಗೇ ಹೋಗಿ, ಬಿಟ್ಟ ಪುಟಗಳನ್ನು ಎಲ್ಲರೆದುರು ಓದುತ್ತೇನೆ, ಅಮ್ಮನೂ ಇರುತ್ತಾಳೆ ಎಂದಿದ್ದೆ. ಅವಳು ಬಂದಳು, ಬಾಗಿಲ ಪಕ್ಕ ಕೂತಳು. ಓದಿದೆ. ತಕ್ಕಡಿಯ ಭಾಗದಲ್ಲಿ ದನಿ ಒಡೆಯಿತು, ನಿಲ್ಲಿಸಲಿಲ್ಲ. ಮುಗಿದಾಗ ಯಾದಿರಾ ಕುರ್ಚಿಯನ್ನು ಬಾಗಿಲಿನಿಂದ ತನ್ನ ಹಳೆಯ ಜಾಗಕ್ಕೆ ಎಳೆದುಕೊಂಡು, “ಮುಂದೆ?” ಅಂದಳು.

ಅಮ್ಮ ತನ್ನ ಅಕ್ಕನ ಕಥೆಯನ್ನು ಅವರಿಗೂ ಹೇಳಿದಳು. ಹಾಡು ಯಾವುದೆಂದು ದೋನ್ ಕ್ರಿಸಾಂತೊ ಕೇಳಿದಾಗ, “ಅದು ನನ್ನ ಜೊತೆಗೇ ಹೋಗಲಿ,” ಅಂದಳು.

ನವೆಂಬರ್ 6, ಗುರುವಾರ

ಅಮ್ಮನ ಪಟ್ಟಿ ಬಿಚ್ಚಿದರು. ಎಲ್ಲ ಮಸುಕು, ಆದರೆ ದೃಷ್ಟಿ ಇದೆ. ಮೊದಲು ಕಂಡದ್ದು ನರ್ಸಿನ ಅಂಗಿಯ ಕೆಟ್ಟ ಹೊಲಿಗೆಯಂತೆ.

ಇವತ್ತಿನ ಓದಿನಲ್ಲಿ ಜಗಳ. ರೆನಾಟಾ ಇಪ್ಪತ್ತು ವರ್ಷದ ಮೇಲೆ ಈಜುಡುಗೆ ಹಾಕಿ ಸಮುದ್ರಕ್ಕಿಳಿಯುತ್ತಾಳೆ. ದಂಡೆಯ ಮೇಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

“ಇದು ಶುದ್ಧ ಸುಳ್ಳು,” ಎಂದೆ. “ದಪ್ಪ ಹೆಂಗಸು ನೀರಿಗಿಳಿದರೆ ಯಾರೂ ಚಪ್ಪಾಳೆ ತಟ್ಟಲ್ಲ.”

“ಮತ್ತೇನು ಮಾಡ್ತಾರೆ?” ಯಾದಿರಾ ಕೇಳಿದಳು.

“ನೋಡ್ತಾರೆ. ನಗ್ತಾರೆ.”

“ನೀನು ಕೊನೇ ಸಲ ಇಳಿದಾಗ ನಕ್ಕರಾ?”

ಕೊನೆಯ ಸಲ ಇಳಿದಾಗ ನನಗೆ ಹದಿನಾಲ್ಕು. ನೆನಪಿಲ್ಲ ಎಂದೆ. ದಿನಾ ಸಮುದ್ರದ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತೇನೆ.

“ಹಾಗಾದ್ರೆ ಹೋಗಿ ನೋಡೋಣ,” ಅಂದರು ದೋನ್ಯಾ ಒಫೆಲಿನಾ. “ಬರೆದವಳು ಸರಿಯೋ ನಮ್ಮ ಓದುವವಳು ಸರಿಯೋ ತಿಳೀಲಿ. ನನ್ನ ಕಾಲಿಗೆ ಸಮುದ್ರ ತಾಗಿ ಹನ್ನೆರಡು ವರ್ಷ ಆಯ್ತು.”

ನವೆಂಬರ್ 8, ಶನಿವಾರ

ಬಡಗಣ ಗಾಳಿ. ಕಿಟಕಿಗಳೆಲ್ಲ ಕುಣಿಯುತ್ತಿವೆ, ಹೊರಡುವ ಮಾತೇ ಇಲ್ಲ. ತಪ್ಪಿತಲ್ಲ ಎಂದು ಸಮಾಧಾನವಾಗಬೇಕಿತ್ತು. ಹನ್ನೊಂದು ಗಂಟೆಯವರೆಗೆ ನಾಲ್ಕು ಸಲ ಎದ್ದು ಗಾಳಿ ಇಳಿಯಿತೇ ಎಂದು ನೋಡಿದೆ.

ನವೆಂಬರ್ 11, ಮಂಗಳವಾರ

ಕಾದಂಬರಿ ಮುಗಿಯಿತು. ಮದುವೆಯಲ್ಲೇ. ದೋನ್ಯಾ ಒಫೆಲಿನಾ ಗೆದ್ದರು. ದೋನ್ ಕ್ರಿಸಾಂತೊ ಮೂಗು ಒರೆಸಿಕೊಳ್ಳುತ್ತ, ಗಾಳಿಗೆ ನೆಗಡಿ ಎಂದರು. ಗಾಳಿ ನಿಂತು ಎರಡು ದಿನವಾಗಿದೆ.

“ಈಗ ಹೇಳು, ಚೆನ್ನಾಗಿತ್ತಾ?” ಎಂದು ಯಾದಿರಾ ಕೇಳಿದಳು.

ಹೇಳಲು ಬರಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ. ಆ ಕುರ್ಚಿಯನ್ನು ಕ್ಷಮಿಸಲಾರೆ. ಇಬಾನ್ ಒಬ್ಬ ಇಷ್ಟಪಟ್ಟ ಮೇಲೆಯೇ ಅವಳು ಕನ್ನಡಿ ನೋಡಿಕೊಳ್ಳುವುದನ್ನೂ ಕ್ಷಮಿಸಲಾರೆ. ಆ ತಾಯಿಗೆ ಒಂದು ಹೆಸರಾದರೂ ಇಡಬಹುದಿತ್ತು. ರೆನಾಟಾ ಇಡೀ ಪುಸ್ತಕದಲ್ಲಿ ತನ್ನ ಮೈಯನ್ನು ಬಿಟ್ಟು ಬೇರೆ ಯೋಚಿಸಿದ್ದು ಬಹಳ ಕಡಿಮೆ, ನನಗಾದರೆ ಬಾಡಿಗೆ, ಅಮ್ಮ, ಔಷಧಿ ದಾಸ್ತಾನು ಎಲ್ಲ ಇರುತ್ತದೆ. ಆದರೆ ಮುನ್ನೂರು ಪುಟ ಅವಳು ಇದ್ದಳು. ಯಾರೋ ನಾಯಕಿಯ ಗೆಳತಿಯಾಗಿ, ನಗಿಸಲಿಕ್ಕಾಗಿ ಇದ್ದವಳಲ್ಲ. ಕಥೆ ಅವಳ ಹಿಂದೆಯೇ ಹೋಯಿತು. ಕೊನೆಯ ಪುಟ ಓದುವಾಗ ಇನ್ನೂ ಸ್ವಲ್ಪ ಇರಬಾರದೇ ಎನ್ನಿಸಿತು. ಇಷ್ಟು ಕೊರತೆ ಹೇಳಿದ ಪುಸ್ತಕವನ್ನು ನಾಳೆ ಪುಸ್ತಕದಂಗಡಿಯಲ್ಲಿ ಕೊಂಡು ತರಲಿದ್ದೇನೆ.

ನವೆಂಬರ್ 15, ಶನಿವಾರ

ಬೊಕಾ ದೆಲ್ ರಿಯೊ ಕಡಲತೀರಕ್ಕೆ ಹೋಗಿಬಂದೆವು. ಸಮುದ್ರ ತಟ್ಟೆಯ ಹಾಗೆ ಶಾಂತವಾಗಿತ್ತು. ಎಷ್ಟು ಕೆಲಸವಿತ್ತೆಂದರೆ ತಲೆ ಎತ್ತಲು ಬಿಡುವಿರಲಿಲ್ಲ. ಹೊರಡುವಾಗ ದೋನ್ಯಾ ಒಫೆಲಿನಾ ಉಟ್ಟ ಲಂಗದಲ್ಲೇ ಇಳಿಯುತ್ತೇನೆಂದು ಹಟ ಮಾಡಿದರು. ಬಸ್ಸಿನಲ್ಲಿ ದೋನ್ ಕ್ರಿಸಾಂತೊ ಅವರ ಟೋಪಿ ಬಿಟ್ಟುಹೋಯಿತು, ಅದಕ್ಕೆ ಓಡಬೇಕಾಯಿತು. ಶುಕ್ರವಾರ ಕೊಂಡ ಈಜುಡುಗೆಯ ಭುಜದ ಪಟ್ಟಿ ಸ್ವಲ್ಪ ಬಿಗಿ, ಹಸಿರು ಬಣ್ಣ ಚೆನ್ನಾಗಿದೆ. ಅಮ್ಮ ಸೂಜಿ ಹಿಡಿಯುವಂತಾದ ಮೇಲೆ ಪಟ್ಟಿ ಸರಿ ಮಾಡಿಸಬೇಕು.

ಮೂವರನ್ನೂ ಒಟ್ಟಿಗೆ ನೀರಿಗಿಳಿಸಿದೆ. ಯಾದಿರಾ ನನ್ನ ಎಡತೋಳು, ದೋನ್ಯಾ ಒಫೆಲಿನಾ ಬಲತೋಳು, ದೋನ್ ಕ್ರಿಸಾಂತೊ ಹಿಂದಿನಿಂದ ನನ್ನ ಭುಜ ಹಿಡಿದಿದ್ದರು. ಸೊಂಟದವರೆಗೆ ನೀರು ಬಂದಾಗ ಅಲೆಯೊಂದು ಬಂತು.

“ಬಿಗಿಯಾಗಿ ಹಿಡ್ಕೊಳ್ಳಿ,” ಎಂದು ದೋನ್ ಕ್ರಿಸಾಂತೊ ಆಜ್ಞೆ ಮಾಡಿದರು. “ಇವಳನ್ನ ಅದು ಅಲುಗಾಡಿಸಲ್ಲ.”

ಅಲುಗಾಡಿಸಲಿಲ್ಲ. ಮೂವರೂ ಕಿರುಚಿದರು, ನಕ್ಕರು, ಇನ್ನೊಂದು ಬರಲಿ ಎಂದರು. ದೋನ್ಯಾ ಒಫೆಲಿನಾ ಅವರ ಲಂಗ ಊದಿಕೊಂಡು ಹಡಗಿನ ಪಟವಾಗಿತ್ತು. ನೀರಿನಲ್ಲಿ ನಿಂತೇ ನನಗೆ ಎರಡು ಹೆಜ್ಜೆ ಕುಣಿತ ಕಲಿಸಿದರು.

“ಯಾರಾದ್ರೂ ಚಪ್ಪಾಳೆ ತಟ್ತಿದ್ದಾರಾ?” ಯಾದಿರಾ ಕೇಳಿದಳು.

ಅದಕ್ಕೇ ಬಂದಿದ್ದೆವು ಎನ್ನುವುದು ಆಗ ನೆನಪಾಯಿತು. ದಂಡೆಯ ಕಡೆ ತಿರುಗಿ ನೋಡಿದೆ. ಒಬ್ಬ ಎಳನೀರು ಕೊಚ್ಚುತ್ತಿದ್ದ. ಒಂದು ಸಂಸಾರ ಮೀನು ತಿನ್ನುತ್ತಿತ್ತು. ಯಾರೂ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ.

“ಇಲ್ಲ. ನಗ್ತಾನೂ ಇಲ್ಲ.”

“ಹಾಗಾದ್ರೆ ಬರೆದವಳೂ ನೀನೂ ಇಬ್ಬರೂ ಸೋತ್ರಿ,” ಅಂದಳು.

ದಡದಲ್ಲಿ ಕೊಡೆಯ ಕೆಳಗೆ ಕೂತಿದ್ದ ಅಮ್ಮ ನಾನು ಹತ್ತಿರ ಬಂದಾಗ ಟವೆಲ್ ಹೊದಿಸಿ ತಲೆ ಒರೆಸಿದಳು. ಮಸುಕು ಕಣ್ಣಿಗೆ ಏನೇನು ಕಾಣಿಸಿತೆಂದು ಕೇಳಿದೆ.

“ನೀರಲ್ಲಿ ಎಲ್ಲಾ ತಲೆಗಳೂ ಒಂದೇ ಥರ, ಚುಕ್ಕಿ ಚುಕ್ಕಿ. ನೀನೊಬ್ಬಳು ಮಾತ್ರ ಗುರುತು ಸಿಕ್ಕಿದೆ. ಪಕ್ಕದಲ್ಲಿ ಕೂತಿದ್ದವಳಿಗೆ ಕೈ ಚಾಚಿ ತೋರಿಸಿದೆ, ಅದೋ, ಆ ಹಸಿರು ನನ್ನ ಮಗಳು ಅಂತ.”

“ಅವಳೇನಂದಳು?”

“ಎಷ್ಟು ಚೆನ್ನಾಗಿ ಈಜ್ತಾಳೆ ಅಂದಳು.” ಅಮ್ಮ ಟವೆಲಿನ ತುದಿಯಿಂದ ನನ್ನ ಕಿವಿಯ ಮರಳು ತೆಗೆಯುತ್ತಿದ್ದಳು. “ಈಜ್ತಾ ಇಲ್ಲಮ್ಮ, ನಿಂತಿದ್ದಾಳೆ, ಅಂದೆ.”